ಆಳಲ್ಲ, ಗೆಳೆಯ

ಯೇಸುವನ್ನು ಕುರಿತು ಕನ್ನಡದಲ್ಲಿ ಬಂದಿರುವ ಹಾಡು, ಪ್ರಬೋಧನೆ, ಕಿರುಹೊತ್ತಗೆಗಳನ್ನು ಓದುತ್ತ ಹೋದರೆ ಆತನಿಗೆ ಸಲ್ಲುವ ಹೆಸರುಗಳಲ್ಲಿ ಒಂದು ಕ್ರಮ ಕಾಣಿಸುತ್ತದೆ. ಕರ್ತ, ಒಡೆಯ, ಅರಸ, ರಕ್ಷಕ ಎಂಬವು ಮೊದಲ ಸಾಲಿನವು. ಗುರು, ಕುರುಬ, ವೈದ್ಯ ಎಂಬವು ಅನಂತರದವು. ಸ್ನೇಹಿತ ಎಂಬ ಹೆಸರು ಇಲ್ಲವೆಂದಲ್ಲ; ಆದರೆ ಅದು ಬಹುಮಟ್ಟಿಗೆ ಹಾಡಿನಲ್ಲಿ ಉಳಿದ ಮಾತು, ಕಷ್ಟಕಾಲದಲ್ಲಿ ನೆನಪಾಗುವ ಮಾತು. ಕ್ರೈಸ್ತನಾದವನು ಹೇಗೆ ಬಾಳಬೇಕು ಎಂದು ಹೇಳಬೇಕಾಗಿ ಬಂದಾಗ ನಮ್ಮ ಲೇಖಕರು ಮತ್ತೆ ಒಡೆಯ ಮತ್ತು ಆಳು ಎಂಬ ಹಳೆಯ ಜೋಡಿಗೇ ಮರಳುತ್ತಾರೆ. ಆಜ್ಞೆ, ವಿಧೇಯತೆ, ಲೆಕ್ಕ ಒಪ್ಪಿಸುವುದು, ಕೂಲಿ ಪಡೆಯುವುದು ಎಂಬ ಮಾತುಗಳಲ್ಲಿಯೇ ನೀತಿಯ ನಿರೂಪಣೆ ನಡೆಯುತ್ತದೆ. ಗೆಳೆತನ ಸಮಾಧಾನಕ್ಕೆ, ಆಳುತನ ಆಚರಣೆಗೆ ಎಂಬ ಈ ಹಂಚಿಕೆ ಸರಿಯೆ? ಯೇಸುವಿನ ಗೆಳೆತನವನ್ನು ಬರಿಯ ಸಮಾಧಾನವೆಂದು ಎಣಿಸದೆ ಬಾಳುವೆಯ ಮಾದರಿಯೆಂದೇ ಎಣಿಸಿದರೆ ಏನಾಗುತ್ತದೆ, ಅಂಥ ಎಣಿಕೆಗೆ ಕನ್ನಡ ಸಾಹಿತ್ಯದಲ್ಲಿ ಎಂಥ ಆಧಾರ ದೊರೆಯುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಪರ್ಕಳದಂಥ ಊರಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವವನಿಗೆ ಆಳು ಎಂಬುದು ಪುಸ್ತಕದ ಮಾತಾಗಿ ತೋರುವುದಿಲ್ಲ. ಧಣಿ, ಒಕ್ಕಲು, ಮೂಲದಾಳು ಎಂಬ ಪದಗಳು ಈ ಸೀಮೆಯ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ಜೀವಂತವಾಗಿದ್ದುವು. ೧೯೭೪ರ ಭೂಸುಧಾರಣೆಯ ಕಾನೂನು ಉಳುವವನಿಗೆ ಹೊಲದ ಹಕ್ಕು ಕೊಡುವ ತನಕ ಚಾಲಗೇಣಿಯ ಒಕ್ಕಲಿಗೆ ತಾನು ಮುಂದಿನ ವರ್ಷ ಅದೇ ಗದ್ದೆಯಲ್ಲಿ ಇರುವೆನೆಂಬ ಭರವಸೆಯಿರಲಿಲ್ಲ. ಮೂಲದಾಳಿನ ಸ್ಥಿತಿಯಂತೂ ಅದಕ್ಕಿಂತ ಎಷ್ಟೋ ಕೆಳಗಿನದು. ಧಣಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ಅಧಿಕಾರ ಆಳಿಗಿಲ್ಲ. ಗದ್ದೆಗೆ ಇಳಿ ಎಂದರೆ ಇಳಿಯಬೇಕು, ಏಳು ಎಂದರೆ ಏಳಬೇಕು. ಕೆಲಸ ಅವನದು, ಉದ್ದೇಶ ಇನ್ನೊಬ್ಬನದು. ಹಾಗೆಯೇ ಕೆಲಸ ಕೆಟ್ಟರೆ, ಅನ್ಯಾಯವಾದರೆ, ‘ನನಗೇನು ಗೊತ್ತು, ಹೇಳಿದ್ದನ್ನು ಮಾಡಿದೆ’ ಎಂದು ಹೇಳಿ ಕೈತೊಳೆದುಕೊಳ್ಳುವ ಸೌಕರ್ಯವೂ ಅವನಿಗುಂಟು. ಆಳುತನದಲ್ಲಿ ಅವಮಾನವಿದೆ ಎಂಬುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಒಂದು ಬಗೆಯ ನಿಶ್ಚಿಂತೆಯೂ ಇದೆ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ.

ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸು ಕೈಯಿಡುವುದು ಸರಿಯಾಗಿ ಈ ಸ್ಥಳದ ಮೇಲೆ. ಕೊನೆಯ ಊಟದ ರಾತ್ರಿ ಶಿಷ್ಯರಿಗೆ ಆತ ಹೇಳುವ ಮಾತಿನ ಸಾರ ಇಷ್ಟು: ಯಜಮಾನನ ಉದ್ದೇಶ ತಿಳಿಯದವನು ಆಳು, ತಂದೆಯಿಂದ ತಾನು ಕೇಳಿದ್ದನ್ನೆಲ್ಲ ತಿಳಿಸಿಬಿಟ್ಟಿರುವುದರಿಂದ ಇನ್ನು ನೀವು ಆಳುಗಳಲ್ಲ, ಸ್ನೇಹಿತರು. ಮೂಲದ ಗ್ರೀಕಿನಲ್ಲಿ ಇಲ್ಲಿ ಬರುವ ಪದ ಸಂಬಳದ ಸೇವಕನನ್ನಲ್ಲ, ಜೀತದಾಳನ್ನು ಸೂಚಿಸುವಂಥದು. ಇಲ್ಲಿ ಗೆಳೆತನದ ಲಕ್ಷಣ ಸಲಿಗೆಯಲ್ಲ, ಅರಿವು ಎಂಬುದನ್ನು ಗಮನಿಸಬೇಕು. ಮನಸ್ಸಿನ ಮಾತನ್ನು ಯಾರಿಗೆ ಹೇಳಲಾಗಿದೆಯೊ ಅವನು ಗೆಳೆಯ. ಹೇಳಲಾದ ಮೇಲೆ ಅವನಿಗೆ ‘ನನಗೇನು ಗೊತ್ತು’ ಎಂಬ ನೆಪ ಉಳಿಯುವುದಿಲ್ಲ. ಆಳಿನಿಂದ ಗೆಳೆಯನಿಗೆ ಬಡ್ತಿ ಬಂದಿತೆಂದು ಹಿಗ್ಗುವ ಮೊದಲು ಹೊರೆ ಹೆಚ್ಚಿತೆಂಬುದನ್ನೂ ತಿಳಿಯಬೇಕಾಗಿದೆ.

ಸುವಾರ್ತೆಗಳಲ್ಲಿ ಈ ಪದದ ಬಳಕೆ ಇನ್ನೂ ಕೆಲವು ಕಡೆ ಇದೆ. ಪ್ರತಿಯೊಂದೂ ಬೇರೆ ಬೇರೆ ದಿಕ್ಕಿನಿಂದ ಅದರ ಅರ್ಥವನ್ನು ತುಂಬುತ್ತದೆ. ಸುಂಕ ವಸೂಲಿಯವರೊಡನೆಯೂ ಊರವರು ದೂರವಿಟ್ಟವರೊಡನೆಯೂ ಊಟಕ್ಕೆ ಕೂರುತ್ತಾನೆಂದು ವಿರೋಧಿಗಳು ಯೇಸುವನ್ನು ಅಂಥವರ ಗೆಳೆಯನೆಂದು ಮೂದಲಿಸಿದರು. ಇಂದು ನಾವು ಭಕ್ತಿಯಿಂದ ಹೇಳುವ ಹೆಸರು ಮೊದಲು ಹುಟ್ಟಿದ್ದು ಬೈಗುಳವಾಗಿ! ಬೆಥಾನಿಯದ ಲಾಜರನು ತೀರಿಕೊಂಡಾಗ ಆತ ಅವನನ್ನು ನಮ್ಮ ಸ್ನೇಹಿತನೆಂದು ಕರೆಯುತ್ತಾನೆ. ಸಮಾಧಿಯ ಬಳಿ ಅಳುತ್ತಾನೆ. ಯೂದನು ಹಿಡಿದುಕೊಡಲು ಬಂದಾಗ, ಮತ್ತಾಯನ ಪ್ರಕಾರ, ಅವನನ್ನೂ ಗೆಳೆಯನೆಂದೇ ಸಂಬೋಧಿಸುತ್ತಾನೆ. ಮೂದಲಿಕೆಯನ್ನು ಸಹಿಸುವುದು, ಸಾವಿಗೆ ಅಳುವುದು, ಮೋಸದ ಎದುರಿನಲ್ಲಿಯೂ ಹೆಸರನ್ನು ಹಿಂತೆಗೆದುಕೊಳ್ಳದೆ ಇರುವುದು, ಇವು ಮೂರೂ ಸೇರಿ ಆ ಗೆಳೆತನದ ಚಿತ್ರ.

ಕೊನೆಯದಾಗಿ ಪೇತ್ರನ ಪ್ರಸಂಗವಿದೆ. ಆ ಮನುಷ್ಯನನ್ನು ತಾನರಿಯೆನೆಂದು ಮೂರು ಸಲ ಹೇಳಿದವನು ಅವನು; ಗೆಳೆತನವನ್ನು ಅಲ್ಲಗಳೆಯಲು ಇದಕ್ಕಿಂತ ಪೂರ್ಣವಾದ ಮಾತು ಬೇರೆಯಿಲ್ಲ. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ, ಕೆಂಡದ ಮೇಲೆ ಮೀನು ಬೇಯುತ್ತಿರುವ ಒಂದು ಬೆಳಗಿನ ಹೊತ್ತು, ಯೇಸು ಅವನನ್ನು ಮೂರು ಸಲ ಪ್ರೀತಿಯ ಮಾತು ಕೇಳುತ್ತಾನೆ. ಮಲ್ಪೆಯ ಕಡಲತಡಿಯನ್ನು ಬಲ್ಲವರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಪೇತ್ರನು ಹೌದೆಂದಾಗಲೆಲ್ಲ ಬರುವ ಉತ್ತರ ವಿಚಿತ್ರವಾದದ್ದು: ಹಾಗಿದ್ದರೆ ನನ್ನ ಕುರಿಗಳನ್ನು ನೋಡಿಕೋ ಎಂದು. ನನ್ನನ್ನು ಪ್ರೀತಿಸುವುದಾದರೆ ನನಗೆ ಇಂಥದನ್ನು ಕೊಡು ಎಂದಲ್ಲ. ಇಬ್ಬರ ನಡುವಿನ ಪ್ರೀತಿಯ ಲೆಕ್ಕ ಮೂರನೆಯವರಲ್ಲಿ ಸಂದಾಯವಾಗಬೇಕು. ಅರಿವು ಮತ್ತು ಮೂರನೆಯವನು, ಈ ಎರಡು ಗುರುತುಗಳನ್ನು ಕೈಯಲ್ಲಿ ಹಿಡಿದು ನಮ್ಮ ಸಾಹಿತ್ಯದ ಕಡೆಗೆ ತಿರುಗೋಣ.

ಕನ್ನಡಕ್ಕೆ ದೇವರ ಗೆಳೆತನ ಹೊಸದೆಂದು ಯಾರೂ ಹೇಳಲಾರರು. ಪರ್ಕಳದಿಂದ ಪಡುವಣಕ್ಕೆ ಮಣಿಪಾಲವನ್ನು ದಾಟಿ ಇಳಿದರೆ ಉಡುಪಿ. ಮಧ್ವಾಚಾರ್ಯರ ಕ್ಷೇತ್ರ, ಹರಿದಾಸರ ಹಾಡುಗಳ ತವರು. ಜೀವನು ಎಂದಿಗೂ ಹರಿಗೆ ಸಮನಲ್ಲ, ಅವನ ದಾಸ ಎಂಬುದು ಅಲ್ಲಿಯ ಸಿದ್ಧಾಂತದ ಅಡಿಗಲ್ಲು. ಪುರಂದರ, ಕನಕ ಮೊದಲಾದವರು ತಮ್ಮ ಹೆಸರಿಗೆ ದಾಸ ಎಂಬುದನ್ನು ಬಿರುದಿನಂತೆ ಧರಿಸಿದವರು. ಆದರೂ ಭಾಗವತವು ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ದಾಸ್ಯದ ಮುಂದಿನ ಮೆಟ್ಟಿಲು ಸಖ್ಯ, ಅದರ ಮುಂದಿನದು ಆತ್ಮನಿವೇದನ. ಅವಲಕ್ಕಿಯ ಗಂಟನ್ನು ಮುಚ್ಚಿಟ್ಟುಕೊಂಡು ದ್ವಾರಕೆಗೆ ಹೋದ ಕುಚೇಲನ ಕಥೆಯನ್ನು ಕೇಳದ ಮನೆ ಈ ಕಡೆ ಇರಲಾರದು. ಗೀತೆಯಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಇಷ್ಟು ದಿನ ಸಲಿಗೆಯಿಂದ ಸಖನೆಂದು ಕರೆದುದಕ್ಕೆ ಕ್ಷಮೆ ಬೇಡುವುದು. ಅಲ್ಲಿ ಅರಿವು ಬಂದೊಡನೆ ಗೆಳೆತನ ಅಳುಕಿ ಹಿಂದೆ ಸರಿಯುತ್ತದೆ. ಸುವಾರ್ತೆಯಲ್ಲಿ ಅರಿವನ್ನು ಕೊಟ್ಟೊಡನೆ ಗೆಳೆತನ ಆರಂಭವಾಗುತ್ತದೆ. ಇದರಿಂದ ಒಂದು ಹೆಚ್ಚು, ಇನ್ನೊಂದು ಕಡಿಮೆಯೆಂದು ತೀರ್ಪು ಕೊಡಬೇಕಾಗಿಲ್ಲ. ಎರಡೂ ಕಡೆ ಗೆಳೆತನವನ್ನು ಅಗ್ಗದ ವಸ್ತುವೆಂದು ಎಣಿಸಿಲ್ಲವೆಂಬುದು ಮುಖ್ಯ.

ಇದಕ್ಕಿಂತಲೂ ಹತ್ತಿರದ ಹೋಲಿಕೆ ಹರಿಹರನ ನಂಬಿಯಣ್ಣನ ರಗಳೆಯಲ್ಲಿದೆ. ತಮಿಳು ನಾಡಿನ ಸುಂದರಮೂರ್ತಿಯ ಕಥೆ ಅದು. ಮದುವೆಯ ಚಪ್ಪರಕ್ಕೆ ಮುದುಕನ ವೇಷದಲ್ಲಿ ಬಂದ ಶಿವನು, ಈ ಮದುಮಗ ನನ್ನ ಆಳು ಎಂದು ಓಲೆ ತೋರಿಸಿ ವ್ಯಾಜ್ಯ ಹೂಡುತ್ತಾನೆ, ಗೆಲ್ಲುತ್ತಾನೆ. ಹೀಗೆ ಪತ್ರಸಹಿತ ಆಳೆಂದು ಸಿದ್ಧವಾದವನು ಕೊನೆಗೆ ಶಿವನ ಗೆಳೆಯನಾಗುತ್ತಾನೆ. ಮುನಿದ ಪರವೆಯನ್ನು ಒಲಿಸಲು ರಾತ್ರಿಯ ಹೊತ್ತಿನಲ್ಲಿ ಶಿವನೇ ದೂತನಾಗಿ ನಡೆಯುವಷ್ಟು ಆ ಗೆಳೆತನ ಬೆಳೆಯುತ್ತದೆ. ಆಳಿನಿಂದ ಗೆಳೆಯನೆಡೆಗೆ ಎಂಬ ಯೋಹಾನನ ಸೂತ್ರವನ್ನು ಕನ್ನಡದ ವಾಚಕನಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಮ್ಮ ಪ್ರಬೋಧಕರು ಪಶ್ಚಿಮದ ಉದಾಹರಣೆಗಳನ್ನು ಹುಡುಕಿ ದಣಿಯುವ ಬದಲು ಹರಿಹರನನ್ನು ಒಮ್ಮೆ ತೆರೆಯಬಾರದೆ? ವ್ಯತ್ಯಾಸವನ್ನೂ ಮರೆಯುವಂತಿಲ್ಲ. ನಂಬಿಯಣ್ಣನ ಕಥೆಯಲ್ಲಿ ಒಡೆಯನೇ ಗೆಳೆಯನ ಕೆಲಸಕ್ಕೆ ಓಡಾಡುತ್ತಾನೆ. ಅದರ ಸೊಗಸು ಇರುವುದೇ ಅಲ್ಲಿ. ಯೇಸುವಿನ ಕಥೆಯಲ್ಲಿ ಒಡೆಯನಾದವನು ಶಿಷ್ಯರ ಕಾಲು ತೊಳೆದು, ನೀವೂ ಹೀಗೆಯೇ ಒಬ್ಬರದನ್ನೊಬ್ಬರು ತೊಳೆಯಿರಿ ಎನ್ನುತ್ತಾನೆ. ಇಲ್ಲಿಯೂ ಲೆಕ್ಕ ಮೂರನೆಯವನ ಕಡೆಗೆ ತಿರುಗಿತು.

ಭಾಷೆಯ ಕಡೆಯಿಂದ ನೋಡಿದರೆ ಗೆಳೆತನದ ಪ್ರಶ್ನೆ ಒಂದು ಸರ್ವನಾಮದಲ್ಲಿ ಅಡಗಿದೆ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರ ಹೊತ್ತಿಗೆ ಬೈಬಲ್ ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಅಲ್ಲಿಂದ ಮುಂದೆ ಪರಿಷ್ಕಾರಗೊಳ್ಳುತ್ತ ಬಂದ ಹಳೆಯ ಭಾಷಾಂತರದಲ್ಲಿ ಯೇಸು ‘ಆತನು’, ಉಳಿದವರು ‘ಅವನು’. ಏಕವಚನವನ್ನು ಬಿಡದೆ ಗೌರವವನ್ನು ಸೂಚಿಸಿದ ಈ ಉಪಾಯ ಜಾಣತನದ್ದು. ಇತ್ತೀಚಿನ ಭಾಷಾಂತರದಲ್ಲಿ ಆತ ‘ಯೇಸುಸ್ವಾಮಿ’ಯಾಗಿ, ಕ್ರಿಯಾಪದವು ಬಹುವಚನವಾಗಿದೆ. ಪ್ರಾರ್ಥನೆಯಲ್ಲಿಯೂ ಪ್ರಾಟೆಸ್ಟೆಂಟ್ ಸಭೆಗಳ ಹಳೆಯ ರೂಢಿ ‘ನಿನ್ನ’ ಎಂದರೆ ಕಥೋಲಿಕರ ರೂಢಿ ‘ನಿಮ್ಮ’ ಎನ್ನುತ್ತದೆ. ಕನ್ನಡದಲ್ಲಿ ನಾವು ‘ನೀನು’ ಎಂದು ಕರೆಯುವುದು ದೇವರನ್ನು, ತಾಯಿಯನ್ನು, ಗೆಳೆಯನನ್ನು; ‘ನೀವು’ ಎನ್ನುವುದು ಹಿರಿಯರನ್ನು, ಅಧಿಕಾರಿಯನ್ನು, ಅಪರಿಚಿತನನ್ನು. ತುಳುವಿನಲ್ಲಿಯೂ ಚಂಗಾಯಿಗೆ ‘ಈ’, ಗೌರವಕ್ಕೆ ‘ಈರ್’. ವಚನಕಾರರೂ ದಾಸರೂ ದೇವರೊಡನೆ ನಡೆಸಿದ ಜಗಳ, ಮುನಿಸು, ಮೊರೆಗಳೆಲ್ಲ ‘ನೀನು’ ಎಂಬುದರ ಬಲದಿಂದ ನಡೆದುವು. ಬಹುವಚನದಲ್ಲಿ ಅರ್ಜಿ ಬರೆಯಬಹುದು. ಮನಬಿಚ್ಚಿ ಜಗಳವಾಡುವುದು ಕಷ್ಟ. ಮರ್ಯಾದೆಯ ಹೆಸರಿನಲ್ಲಿ ನಮ್ಮ ಭಾಷಾಂತರಕಾರರು ಒಂದು ಸಂಬಂಧವನ್ನೇ ದೂರಮಾಡಿದರೆ ಎಂಬುದು ಯೋಚಿಸತಕ್ಕ ವಿಷಯ.

ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸನ ಅನುಯಾಯಿಗಳು ಇದೇ ಸರ್ವನಾಮಕ್ಕಾಗಿ ಸೆರೆಮನೆಯ ತನಕ ಹೋದದ್ದುಂಟು. ಯೋಹಾನನ ಇದೇ ಅಧ್ಯಾಯದ ಮಾತಿನಿಂದ ಅವರು ತಮ್ಮನ್ನು ಸ್ನೇಹಿತರೆಂದು ಕರೆದುಕೊಂಡರು; ಲೋಕ ಅವರನ್ನು ಕ್ವೇಕರರೆಂದಿತು. ಆಗಿನ ಇಂಗ್ಲಿಷಿನಲ್ಲಿಯೂ ನಮ್ಮಂತೆ ಏಕವಚನ, ಗೌರವವಚನಗಳ ಭೇದವಿತ್ತು. ಯೇಸುವಿನ ಸ್ನೇಹಿತರಾದವರಿಗೆ ಮನುಷ್ಯರಲ್ಲಿ ಮೇಲುಕೀಳಿಲ್ಲವೆಂದು ಅವರು ನ್ಯಾಯಾಧೀಶನನ್ನೂ ಏಕವಚನದಲ್ಲಿಯೇ ಮಾತಾಡಿಸಿದರು, ಯಾರಿಗೂ ಟೊಪ್ಪಿ ತೆಗೆಯಲಿಲ್ಲ. ನಾವು ಅದನ್ನು ಅನುಕರಿಸಬೇಕೆಂದು ಹೇಳುತ್ತಿಲ್ಲ. ಅನುಕರಿಸಿದರೆ ಉಡುಪಿಯ ಕಚೇರಿಗಳಲ್ಲಿ ಒಂದು ಕೆಲಸವೂ ಆಗಲಾರದು! ಆದರೆ ದೇವರ ಗೆಳೆತನ ನೆರೆಯವನನ್ನು ಕರೆಯುವ ರೀತಿಯನ್ನೂ ಬದಲಿಸಬೇಕೆಂದು ಅವರು ಕಂಡುಕೊಂಡದ್ದು ದೊಡ್ಡ ಮಾತು. ಕೂಲಿಯವನನ್ನು ‘ಏನೋ’ ಎಂದೂ ಪ್ರಭುವನ್ನು ‘ತಾವು’ ಎಂದೂ ಕರೆಯುವ ನಾಲಗೆಯಲ್ಲಿ ಗೆಳೆತನ ಇನ್ನೂ ಮೂಡಿಲ್ಲ.

ಇನ್ನು ಹಾಡುಗಳ ವಿಷಯ. ಯೇಸುವಿನ ಸ್ನೇಹವನ್ನು ಕುರಿತು ಲೋಕದಲ್ಲಿ ಬಹಳ ಪ್ರಸಿದ್ಧವಾದ, ನಮ್ಮ ಸಭೆಗಳಲ್ಲಿಯೂ ಕೇಳಿಬರುವ ಕೀರ್ತನೆ ಜೋಸೆಫ್ ಸ್ಕ್ರಿವನ್ ಎಂಬವನದು. ಐರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲಸಿದ ಈತ ೧೮೫೫ರಲ್ಲಿ ದೂರದ ತಾಯಿಯ ಸಮಾಧಾನಕ್ಕೆಂದು ಅದನ್ನು ಬರೆದ. ಅದರಲ್ಲಿ ಗೆಳೆಯನು ದುಃಖವನ್ನು ಕೇಳಿಸಿಕೊಳ್ಳುವವನು, ಭಾರವನ್ನು ಹೊರುವವನು. ಇದು ಸುಳ್ಳಲ್ಲ, ಗೆಳೆತನದ ಅರ್ಧ ಭಾಗ. ಆದರೆ ನಮ್ಮ ಭಕ್ತಿಗೀತೆಗಳು ಈ ಅರ್ಧವನ್ನೇ ಮತ್ತೆ ಮತ್ತೆ ಹಿಂಡಿ, ಗೆಳೆಯನೆಂದರೆ ಕಣ್ಣೊರೆಸುವ ಕೈ ಎಂಬಲ್ಲಿಗೆ ನಿಲ್ಲಿಸಿವೆ. ಹಾಡುವವನು ಹೇಳುತ್ತಾನೆ, ಗೆಳೆಯ ಕೇಳುತ್ತಾನೆ. ಗೆಳೆಯ ಹೇಳುವುದಕ್ಕೂ ಏನಾದರೂ ಇದ್ದೀತೆಂಬ ಸುಳಿವು ಸಿಕ್ಕುವುದು ಅಪರೂಪ. ಸ್ಕ್ರಿವನ್ ಮಾತ್ರ ಅಲ್ಲಿಗೆ ನಿಂತವನಲ್ಲ. ಬಡವರಿಗೂ ವಿಧವೆಯರಿಗೂ ಕೂಲಿಯಿಲ್ಲದೆ ಸೌದೆ ಕೊಯ್ದುಕೊಡುತ್ತಿದ್ದನೆಂದು ಅವನ ಊರಿನವರು ನೆನೆಯುತ್ತಿದ್ದರು. ಹಾಡಿನಲ್ಲಿ ಬಾರದ ಮೂರನೆಯವನು ಅವನ ಗರಗಸದ ಹತ್ತಿರ ಇದ್ದ. ಹಾಡು ನಮ್ಮ ನಾಡಿಗೆ ಹಡಗಿನಲ್ಲಿ ಬಂದಿತು, ಗರಗಸ ಹಿಂದೆ ಉಳಿಯಿತು ಎನ್ನಬೇಕಾಗಿದೆ.

ಕರಾವಳಿಯ ಕ್ರೈಸ್ತ ಬರಹದಲ್ಲಿ ಒಡೆಯ-ಆಳು ಎಂಬ ಭಾಷೆ ಬೇರೂರಿದುದಕ್ಕೆ ಚರಿತ್ರೆಯ ಕಾರಣವೂ ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು ೧೮೩೪ರಲ್ಲಿ, ಉಡುಪಿಯಲ್ಲಿ ಠಾಣೆ ಮಾಡಿದುದು ೧೮೫೪ರಲ್ಲಿ. ಜಾತಿಯಿಂದ ಹೊರಬಿದ್ದು ಕಸುಬನ್ನು ಕಳೆದುಕೊಂಡವರಿಗೆ ಮಿಶನ್ನು ನೇಯ್ಗೆಯ ಮಗ್ಗ ಕೊಟ್ಟಿತು, ಹಂಚಿನ ಕಾರ್ಖಾನೆ ಕಟ್ಟಿತು. ಮಲ್ಪೆಯಲ್ಲಿಯೂ ಅಂಥ ಕಾರ್ಖಾನೆ ನಡೆಯಿತು. ಉಪಕಾರ ದೊಡ್ಡದು. ಆದರೆ ಪ್ರಬೋಧನೆ ಮಾಡುವವರೂ ಕೂಲಿ ಕೊಡುವವರೂ ಒಂದೇ ಮನೆಯವರಾದಾಗ, ಪೀಠದಿಂದ ಗೆಳೆತನದ ಮಾತು ಬಂದರೂ ಕೇಳುವ ಕಿವಿಗೆ ಅದು ಒಡೆಯನ ಮಾತಾಗಿಯೇ ಬಿದ್ದರೆ ಆಶ್ಚರ್ಯವಿಲ್ಲ. ಆ ಅಂತರವನ್ನು ದಾಟಲು ಯತ್ನಿಸಿದವರೂ ಅದೇ ಮಿಶನ್ನಿನಲ್ಲಿ ಇದ್ದರು. ೧೮೪೩ರ ಜುಲೈ ೧ರಂದು ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಅಂಥವನು. ಮರುವರ್ಷದ ಜನವರಿಯಲ್ಲಿ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದು ಗೆಳೆಯನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಮುಂದೆ ಕೊಡಗಿನಲ್ಲಿ ನೆಲವಿಲ್ಲದ ದಲಿತ ಕುಟುಂಬಗಳಿಗಾಗಿ ಎದ್ದ ಆನಂದಪುರಕ್ಕೆ ಅವರ ಹೆಸರು ಬಂದಿತು. ಅವರ ಸ್ವಂತ ಆಸ್ತಿಯ ಹಣವೂ ಅಲ್ಲಿ ಸೇರಿತು. ನಮ್ಮ ಎರಡನೆಯ ಗುರುತು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಇಬ್ಬರ ಗೆಳೆತನದಿಂದ ಮೂರನೆಯವನಿಗೆ ಮನೆಯಾಯಿತು.

ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚುವುದು ನ್ಯಾಯವಲ್ಲ. ೧೮೪೪ರ ಆ ದೀಕ್ಷೆಯಿಂದ ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಮನೆಮಂದಿಗೆ ಆದ ನೋವು ಸಣ್ಣದಲ್ಲ. ಯೇಸುವಿನ ಗೆಳೆತನ ಊರಿನ ಗೆಳೆತನವನ್ನು ಕಡಿದುಹಾಕುವ ಕತ್ತಿಯಾಗಬೇಕೆ? ನೆರೆಯವರ ಈ ಪ್ರಶ್ನೆಗೆ ಹಾಡಿನಿಂದಾಗಲಿ ಖಂಡನೆಯಿಂದಾಗಲಿ ಉತ್ತರ ಹೇಳಲಾಗದು. ಬದುಕಿನಿಂದ ಉತ್ತರ ಹೇಳಿದವರಲ್ಲಿ ಉತ್ತಂಗಿ ಚನ್ನಪ್ಪನವರನ್ನು ಮೊದಲು ನೆನೆಯಬೇಕು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಮಂಗಳೂರು ವಿದ್ಯಾಲಯದಲ್ಲಿ ದೇವಜ್ಞಾನವನ್ನು ಕಲಿತು ಪಾದ್ರಿಯಾದ ಇವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಕೂಡಿಸಿ, ವಿಂಗಡಿಸಿ ಪ್ರಕಟಿಸಿದರು. ನಾಡಿನ ಬಾಯಲ್ಲಿಯೂ ಓಲೆಗಳಲ್ಲಿಯೂ ಚದರಿದ್ದ ತ್ರಿಪದಿಗಳಿಗೆ ಒಂದು ಮನೆ ಸಿಕ್ಕಿತು. ಆಮೇಲೆ ಅವರು ಶಿವಶರಣರ ವಚನಗಳ ಸಂಪಾದನೆಗೂ ಅನುಭವ ಮಂಟಪದ ಚರಿತ್ರೆಗೂ ಕೈಹಾಕಿದರು. ೧೯೪೯ರ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಕ್ರಿಸ್ತನ ಸೇವಕನಾದವನು ಸರ್ವಜ್ಞನಿಗಾಗಿ ಇಷ್ಟು ವರ್ಷಗಳನ್ನು ವ್ಯಯಮಾಡಿದ್ದೇಕೆ ಎಂದು ಕೇಳುವವರಿದ್ದಾರೆ. ಆಳಾಗಿದ್ದರೆ ಆ ಕೆಲಸ ಅವರದಾಗುತ್ತಿರಲಿಲ್ಲ. ಯಾವ ಆಜ್ಞೆಯಲ್ಲಿಯೂ ಅದು ಬರೆದಿರಲಿಲ್ಲ. ತನ್ನ ಗೆಳೆಯನ ಮನಸ್ಸು ಯಾವುದಕ್ಕೆ ಒಲಿಯುತ್ತದೆಂದು ಬಲ್ಲವನು ಮಾತ್ರ ಹೇಳದೆಯೇ ಮಾಡುವ ಕೆಲಸ ಅದು. ಬೆತ್ಲೆಹೇಮು ಬನಾರಸಕ್ಕೆ ಮಾಡಿಕೊಳ್ಳುವ ವಿನಂತಿ ಎಂಬ ಅರ್ಥದ ಹೆಸರಿನ ಪುಸ್ತಕವನ್ನೂ ಅವರು ಬರೆದರು. ವಿನಂತಿ ಎಂಬುದು ಆಜ್ಞೆಯ ಭಾಷೆಯಲ್ಲ, ಗೆಳೆಯನ ಭಾಷೆ.

ಫರ್ಡಿನೆಂಡ್ ಕಿಟ್ಟೆಲರನ್ನೂ ಇದೇ ದೃಷ್ಟಿಯಿಂದ ನೋಡಬಹುದು. ೧೮೬೨ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ಕನ್ನಡದ ಛಂದಸ್ಸಿಗೆ ಇಳಿಸಿದರು. ಕಾವ್ಯವೆಂಬ ದೃಷ್ಟಿಯಿಂದ ಅದನ್ನು ಇಂದು ಯಾರೂ ಮೇಲಕ್ಕೆತ್ತಿ ಹಿಡಿಯುವುದಿಲ್ಲ. ಪರಭಾಷೆಯವನ ಪ್ರಯತ್ನ ಎಂಬ ಆದರದಿಂದ ಓದುತ್ತೇವೆ. ಆದರೆ ೧೮೯೪ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದ ಸುಮಾರು ೭೦,೦೦೦ ಪದಗಳ ನಿಘಂಟನ್ನು ಎಲ್ಲ ಮತದವರೂ ಮನೆಯಲ್ಲಿಟ್ಟುಕೊಂಡಿದ್ದಾರೆ. ಯೇಸುವನ್ನು ಕುರಿತು ಮಾಡಿದ ಪದ್ಯಕ್ಕಿಂತ ಯೇಸುವಿನ ಹೆಸರೇ ಬಾರದ ಪುಟಗಳಲ್ಲಿ ಆ ಗೆಳೆತನ ಹೆಚ್ಚು ಫಲಿಸಿತೆಂದರೆ ವಿರೋಧಾಭಾಸವೆಂದು ತೋರಬಹುದು. ಪೇತ್ರನಿಗೆ ಸಿಕ್ಕ ಉತ್ತರವನ್ನು ನೆನೆದವರಿಗೆ ತೋರಲಾರದು.

ಕವಿತೆಯಲ್ಲಿಯೇ ಈ ಗೆಳೆತನದ ಪರೀಕ್ಷೆ ನಡೆದ ಉದಾಹರಣೆ ಬೇಕಾದರೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ತೆರೆಯಬೇಕು. ಕ್ರೈಸ್ತರಲ್ಲದ ಕವಿ ಯೇಸುವಿನ ಕೊನೆಯ ದಿನವನ್ನು ವಸ್ತುವಾಗಿ ಆರಿಸಿಕೊಂಡರು. ಹಾಗೆಯೇ ಮುಂದೆ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನು ಹಾಡಿದರು. ಪವಾಡಗಳನ್ನಾಗಲಿ ಪರ್ವತಪ್ರಸಂಗವನ್ನಾಗಲಿ ಆರಿಸದೆ ಸಾವಿನ ದಿನವನ್ನು ಆರಿಸಿದ್ದು ಅರ್ಥವತ್ತಾಗಿದೆ. ಶಿಷ್ಯರಲ್ಲಿ ಬಹಳ ಮಂದಿ ಓಡಿಹೋದ ದಿನ ಅದು. ಕೊನೆಯ ತನಕ ನಿಂತವರು ಕೆಲವು ಹೆಂಗಸರು ಮತ್ತು ಒಬ್ಬ ಶಿಷ್ಯ. ಎಲ್ಲರೂ ಎದ್ದುಹೋದ ಮೇಲೂ ಹಾಸಿಗೆಯ ಬಳಿ ಕೂರುವುದು ಗೆಳೆಯನ ಕೆಲಸವಲ್ಲವೆ? ಹತ್ತೊಂಬತ್ತು ಶತಮಾನಗಳ ತರುವಾಯ ಅರಬ್ಬೀ ಸಮುದ್ರದ ದಡದಿಂದ ಒಬ್ಬ ಕವಿ ಹೋಗಿ ಅಲ್ಲಿ ನಿಂತುಕೊಂಡರು. ಕೊರತೆಯನ್ನೂ ಹೇಳಬೇಕು. ಪೈಗಳ ಹಳಗನ್ನಡದ ಗಾಂಭೀರ್ಯ, ಅಪೂರ್ವ ಪದಗಳ ಸಮೃದ್ಧಿ ಯೇಸುವಿಗೆ ಮಹಾಕಾವ್ಯದ ನಾಯಕನ ಎತ್ತರವನ್ನು ಕೊಟ್ಟಿದೆ. ಬಡಗಿಯ ಮನೆಯ, ಬೆಸ್ತರ ದೋಣಿಯ ಮಾತಿನ ಬಿಸುಪು ಅಲ್ಲಿ ಕಡಿಮೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಗೆಳೆಯನ ಮಾತನ್ನು ಕೇಳುವುದು ಸುಲಭವಲ್ಲ. ಆದರೂ ಕನ್ನಡದಲ್ಲಿ ಯೇಸುವಿನ ಪಕ್ಕದಲ್ಲಿ ಏನನ್ನೂ ಬೇಡದೆ ನಿಂತ ಕೃತಿ ಇದು. ನಮ್ಮ ಭಕ್ತಿಗೀತೆಗಳಲ್ಲಿ ಅನೇಕವು ಬೇಡುತ್ತ ನಿಂತಿವೆ.

ಇಷ್ಟಾದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಗೆಳೆತನ ಗೆಳೆತನವೆಂದು ಹೇಳುತ್ತ ಹೋದರೆ ದೇವರ ಭಯವೇ ಹೋಗಿ, ಪ್ರಭು ಪಕ್ಕದ ಮನೆಯವನಾಗಿಬಿಟ್ಟಾನು ಎಂಬುದು ಅದು. ಹುರುಳಿಲ್ಲದ ಆಕ್ಷೇಪವಲ್ಲ. ತನ್ನನ್ನು ಕ್ರಿಸ್ತನ ಜೀತದಾಳೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲಿಯೇ ಕರೆದುಕೊಂಡಿದ್ದಾನೆ; ದಾಸ್ಯ ರದ್ದಾಗಿಲ್ಲ. ಭಾಗವತದ ಏಣಿಯಲ್ಲಿ ಕೂಡ ಸಖ್ಯಕ್ಕೆ ಹೋಗುವವನು ದಾಸ್ಯವನ್ನು ದಾಟಿಯೇ ಹೋಗಬೇಕು. ಆದರೆ ನಮ್ಮಲ್ಲಿ ಅಪಾಯವಿರುವುದು ಬೇರೆ ಕಡೆ. ಭಯ ಹೆಚ್ಚಾಗಿ ಜವಾಬ್ದಾರಿ ಕಡಿಮೆಯಾದವರೇ ಬಹಳ. ವಾರಕ್ಕೊಮ್ಮೆ ಮೊಣಕಾಲೂರಿ, ಒಡೆಯನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಹೊರಗೆ ಬಂದೊಡನೆ ಜಾತಿಯ ಲೆಕ್ಕ, ವರದಕ್ಷಿಣೆಯ ಲೆಕ್ಕಗಳಿಗೆ ಹಿಂತಿರುಗುವವನು ಆಳಾಗಿಯೇ ಇದ್ದಾನೆ. ಒಡೆಯನ ಮನಸ್ಸು ತನಗೆ ಗೊತ್ತಿಲ್ಲವೆಂದು ನಟಿಸುತ್ತಾನೆ. ಗೆಳೆಯನಿಗೆ ಈ ನಟನೆ ಸಾಧ್ಯವಿಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ಬಲ್ಲವರ ಗುರುತುಗಳಿವೆ. ಸ್ವಿಟ್ಸರ್ಲೆಂಡಿನಿಂದ ಬಂದ ವೈದ್ಯೆ ಇವಾ ಲೊಂಬಾರ್ಡರು ೧೯೨೩ರಲ್ಲಿ ಉಡುಪಿಯಲ್ಲಿ ತೆರೆದ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಎಲ್ಲ ಜಾತಿಮತಗಳವರೂ ಸೇರಿದ್ದಾರೆ. ಪರ್ಕಳದಿಂದ ಮೂಡಣಕ್ಕೆ ಹಿರಿಯಡಕದ ದಾರಿ ಹಿಡಿದು ಕಾರ್ಕಳಕ್ಕೆ ಹೋದರೆ ಅತ್ತೂರು ಹತ್ತಿರ. ಅಲ್ಲಿಯ ಸಂತ ಲಾರೆನ್ಸರ ಚರ್ಚು ೧೭೫೯ರಷ್ಟು ಹಳೆಯದು. ೨೦೧೬ರಲ್ಲಿ ಅದಕ್ಕೆ ಬಸಿಲಿಕದ ಪದವಿ ಬಂದಿತು. ಜನವರಿಯ ಜಾತ್ರೆಗೆ ಹಿಂದುಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಮೂರನೆಯ ಶತಮಾನದ ರೋಮಿನಲ್ಲಿ ಸಭೆಯ ಸಂಪತ್ತನ್ನೆಲ್ಲ ಒಪ್ಪಿಸೆಂದು ಅಧಿಕಾರಿಗಳು ಕೇಳಿದಾಗ ಈ ಲಾರೆನ್ಸನು ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಒಡೆಯನ ಭಂಡಾರದಲ್ಲಿ ಏನಿದೆಯೆಂದು ಅವನಿಗೆ ತಿಳಿದಿತ್ತು. ಮೇಣದಬತ್ತಿಯ ಸಾಲಿನಲ್ಲಿ ನಿಂತ ಸಾವಿರಾರು ಜನರಿಗೆ ಅವನ ಈ ಕಥೆಯನ್ನು ಸೊಗಸಾದ ಕನ್ನಡದಲ್ಲಿ ಹೇಳುವ ಒಂದು ಹೊತ್ತಗೆ ಎಷ್ಟು ಉಪಕಾರವಾದೀತು!

ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರು ಕೂಡಿದ ಕಾಲಕ್ಕೆ, ಇಂಗ್ಲೆಂಡಿನ ಒಂದು ಮಠದಲ್ಲಿ ಏಲ್ರೆಡ್ ಎಂಬ ಮಠಾಧಿಪತಿ ಆಧ್ಯಾತ್ಮಿಕ ಗೆಳೆತನವನ್ನು ಕುರಿತು ಸಂವಾದರೂಪದ ಗ್ರಂಥವನ್ನು ಬರೆದ. ಇಬ್ಬರು ಗೆಳೆಯರು ಮಾತಿಗೆ ಕುಳಿತಾಗ ಕ್ರಿಸ್ತನು ಅವರ ನಡುವೆ ಮೂರನೆಯವನಾಗಿರಲಿ ಎಂಬುದು ಅದರ ಆರಂಭದ ಆಶಯ. ಆ ಮಾತನ್ನು ನಾವು ಇನ್ನೊಂದು ಕಡೆಯಿಂದಲೂ ಓದಬಹುದು: ಕ್ರಿಸ್ತನೂ ಭಕ್ತನೂ ಮಾತಿಗೆ ಕುಳಿತಾಗ ನಡುವೆ ಒಬ್ಬ ನೆರೆಯವನಿಗೆ ಸ್ಥಳವಿರಬೇಕು. ಮುಂದೆ ಯಾರಾದರೂ ಯೇಸುವಿನ ಸ್ನೇಹವನ್ನು ಕುರಿತು ಕನ್ನಡದಲ್ಲಿ ಹಾಡು ಕಟ್ಟಿದರೆ, ಪುಸ್ತಕ ಬರೆದರೆ, ಓದುಗರು ಎರಡು ಪ್ರಶ್ನೆಗಳನ್ನು ಕೇಳಲಿ. ಇಲ್ಲಿ ಗೆಳೆಯ ಹೇಳಿದ ಮಾತು ಯಾವುದು? ಆ ಮಾತನ್ನು ಕೇಳಿದ್ದರಿಂದ ಯಾವ ಮೂರನೆಯವನಿಗೆ ಏನು ದೊರೆಯಿತು? ಎರಡಕ್ಕೂ ಉತ್ತರವಿದ್ದರೆ ಆ ಕೃತಿ ಆಳಿನದಲ್ಲ, ಗೆಳೆಯನದು ಎಂದು ತಿಳಿಯಬಹುದು.